ಅಪ್‌ಡೇಟ್: ಮೂಡಿಗೆರೆಯ ಮಳೆಗಾಲದಲ್ಲಿ ಅಗ್ಗದ ಸಿಡಿ-ಕ್ಯಾಸೆಟ್ ಪ್ಲೇಯರ್

ಅಪ್ಪ ಧ್ವನಿಮುದ್ರಿಸಿದ್ದ ತಾಳಮದ್ದಳೆಯ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ಕೇಳಲು ಅಗ್ಗದ ಸಿಡಿ-ಕ್ಯಾಸೆಟ್ ಪ್ಲೇಯರ್ ಸಾಕೇ ಎಂದು ಕೇಳಿದ್ದೆ. ಕೊಂಡೆ, ಮಳೆಗಾಲವೂ ಕಳೆಯಿತು.

ಮಾತಿಗೆ ಖಂಡಿತ ಸಾಕು. ಪಾತ್ರಗಳ ಮಾತಾಡುವ ಅರ್ಥಧಾರಿಗಳ ಒಂದೊಂದು ಪದವೂ ಸ್ಪಷ್ಟವಾಗಿ ಕೇಳುತ್ತದೆ. ಹಾಡುವ ಭಾಗವತರು ಸ್ವರವನ್ನು ಎಳೆದು ನಿಲ್ಲಿಸಿದಾಗ ಮಾತ್ರ ಶ್ರುತಿ ಸಣ್ಣಗೆ ಅಲುಗುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಒಂದೇ ಸಮನೆ ಓಡಬೇಕು; ಅಗ್ಗದ ಮೋಟಾರಿಗೆ ಅದು ಕಷ್ಟ. ಸಿಡಿಯಲ್ಲಿ ಈ ತೊಂದರೆಯೇ ಇಲ್ಲ.

ನಮ್ಮ ಮಲೆನಾಡಿನಲ್ಲಿ ನಿಜವಾದ ಶತ್ರು ಬೂಷ್ಟು. ಟೇಪಿನ ಸುರುಳಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಆ ಕ್ಯಾಸೆಟ್ಟನ್ನು ದಯವಿಟ್ಟು ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ (ಪ್ಲೇಯರಿನಲ್ಲಿ ಟೇಪನ್ನು ಓದುವ ಭಾಗ) ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಆಗಾಗ ಒರೆಸುತ್ತೇನೆ. ಕ್ಯಾಸೆಟ್‌ಗಳೆಲ್ಲ ಈಗ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿವೆ.

ಕರೆಂಟು ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ. ಆಷಾಢದ ಮೂಡಿಗೆರೆಯನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಇಯರ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ ಎಲ್ಲವನ್ನೂ ನಕಲು ಮಾಡುತ್ತಿದ್ದೇನೆ. 90 ನಿಮಿಷದವುಗಳಿಂದ ಆರಂಭಿಸಿದ್ದೇನೆ, ಏಕೆಂದರೆ 60 ನಿಮಿಷದ ಕ್ಯಾಸೆಟ್‌ಗಳಿಗಿಂತ ಅವುಗಳ ಟೇಪು ತೆಳು, ಬೇಗ ಸಿಕ್ಕಿಕೊಳ್ಳುತ್ತದೆ.