ಆಣಿಗೆ ಬೇರಿದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 46 ವರ್ಷ. ಹೋಟೆಲಿನ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡುತ್ತೇನೆ. ಬಲ ಅಂಗಾಲಿನಲ್ಲಿ, ಎರಡನೆಯ ಬೆರಳಿನ ಬುಡದ ಕೆಳಗೆ ಆಣಿಯಾಗಿದ್ದು, ಹೆಜ್ಜೆ ಊರಿದಾಗಲೆಲ್ಲ ಕಲ್ಲು ಒತ್ತಿದಂತಾಗುತ್ತದೆ. ಕಾರ್ನ್ ಕ್ಯಾಪ್ ಅಂಟಿಸಿ ಎರಡು ಸಲ ಉದುರಿಸಿದರೂ ಎರಡೇ ತಿಂಗಳಲ್ಲಿ ಮರಳಿ ಬಂದಿದೆ. ಬೇರು ಒಳಗೇ ಉಳಿದಿದೆ, ಆಪರೇಷನ್ ಮಾಡಿಸಿ ಕೀಳಿಸಬೇಕು ಎಂದು ಜೊತೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಆಣಿಗೆ ಬೇರಿಲ್ಲ. ಒಂದೇ ಜಾಗದ ಮೇಲೆ ಒತ್ತಡವೂ ತಿಕ್ಕಾಟವೂ ತಿಂಗಳುಗಟ್ಟಲೆ ಬಿದ್ದಾಗ, ಚರ್ಮವು ತನ್ನನ್ನು ಕಾಪಾಡಿಕೊಳ್ಳಲು ಹೊರಪದರದಲ್ಲಿ ಕೆರಟಿನ್ ಎಂಬ ಗಡಸು ವಸ್ತುವನ್ನು ಹೆಚ್ಚಾಗಿ ಕಟ್ಟುತ್ತದೆ. ಅದು ಅಗಲವಾಗಿ ಹರಡಿದರೆ ಜಡ್ಡು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವವರ ಕಾಲಿನ ಹೊರಗಿಣ್ಣಿನ ಮೇಲೆ ಕಾಣುವ ಕಪ್ಪು ಗಟ್ಟಿ ಚರ್ಮವೂ ಇದೇ. ಒತ್ತಡವು ಒಂದೇ ಬಿಂದುವಿನಲ್ಲಿ ಸೇರಿದರೆ ಕೆರಟಿನ್ ಮೊಳೆಯ ಮೊನೆಯಂತೆ ಒಳಮುಖವಾಗಿ ಕಟ್ಟಿ ನೋವು ಕೊಡುತ್ತದೆ. ಜನರು ಬೇರು ಎನ್ನುವುದು ಈ ತಿರುಳನ್ನೇ. ನೀವು ತಿರುಳನ್ನು ತೆಗೆದಿರಿ, ಒತ್ತಡವನ್ನು ಹಾಗೆಯೇ ಬಿಟ್ಟಿರಿ. ಆದ್ದರಿಂದ ಅದು ಮರಳಿತು. ಅಂಗಾಲಿನಲ್ಲಿ ಕೊಯ್ಯಿಸಿದರೆ ಉಳಿಯುವ ಕಲೆಯೇ ಮುಂದೆ ನೋಯುವ ಗಂಟಾಗಬಹುದು, ಹಾಗಾಗಿ ಆ ದಾರಿಗೆ ಅವಸರಪಡಬೇಡಿ.

ಮೊದಲು ಇದು ನರುಲಿಯಲ್ಲ ಎಂದು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಆಣಿಯು ನೇರವಾಗಿ ಒತ್ತಿದಾಗ ನೋಯುತ್ತದೆ, ನರುಲಿಯು ಎರಡೂ ಬದಿಯಿಂದ ಹಿಂಡಿದಾಗ ಹೆಚ್ಚು ನೋಯುತ್ತದೆ ಮತ್ತು ಅದರಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ನರುಲಿ ವೈರಸ್‌ನಿಂದ ಬರುವುದರಿಂದ ಅದರ ಚಿಕಿತ್ಸೆಯೇ ಬೇರೆ.

ಆಣಿಯೇ ಆದರೆ, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಪಾದವಿಟ್ಟು, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಶೇಕಡಾ 20ರ ಯೂರಿಯಾ ಕ್ರೀಮ್ ಹಚ್ಚಿ. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆಯುವ ಹಟ ಬೇಡ. ಇದಕ್ಕಿಂತ ಮುಖ್ಯವಾದುದು ಪಾದರಕ್ಷೆ. ತೆಳುವಾದ ಪ್ಲಾಸ್ಟಿಕ್ ಚಪ್ಪಲಿ ಬಿಟ್ಟು, ಮೆತ್ತನೆಯ ದಪ್ಪ ಅಟ್ಟೆಯ, ಮುಂಭಾಗ ಅಗಲವಾದ, ಜಾರದ ಪಾದರಕ್ಷೆ ಕೊಳ್ಳಿ. ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಅಳತೆ ನೋಡುವುದು ಒಳ್ಳೆಯದು. ಒಳಗೆ ಇಡುವ ಪ್ಯಾಡ್ ನೋಯುವ ಜಾಗದ ಮೇಲಲ್ಲ, ಅದಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು. ಆಗ ಮಾತ್ರ ಭಾರ ಮೂಳೆಯ ಮೊನೆಯಿಂದ ಸರಿಯುತ್ತದೆ.

ಪ್ರಶ್ನೆ: ನನ್ನ ತಾಯಿಗೂ ಹೆಬ್ಬೆರಳಿನ ಕೆಳಗೆ ಜಡ್ಡಿದೆ. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ನೋವೇ ಇಲ್ಲವೆಂದು ಬ್ಲೇಡಿನಿಂದ ತಾವೇ ಹೆರೆದುಕೊಳ್ಳುತ್ತಾರೆ. ಅವರಿಗೂ ಕಾರ್ನ್ ಕ್ಯಾಪ್ ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ, ಬ್ಲೇಡನ್ನೂ ಇಂದೇ ತೆಗೆದಿಡಿ. ನೋವಿಲ್ಲ ಎಂಬ ಮಾತೇ ನನಗೆ ಆತಂಕ ತರುತ್ತದೆ, ಏಕೆಂದರೆ ಸಕ್ಕರೆ ಕಾಯಿಲೆಯಲ್ಲಿ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರಬಹುದು. ಕಾರ್ನ್ ಕ್ಯಾಪ್‌ನಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಸತ್ತ ಚರ್ಮ, ಜೀವಂತ ಚರ್ಮ ಎಂಬ ಭೇದವಿಲ್ಲ. ಅದು ಸುಟ್ಟ ಗಾಯ ಅವರ ಅರಿವಿಗೇ ಬಾರದೆ ಹುಣ್ಣಾಗಬಹುದು. ದಪ್ಪ ಜಡ್ಡಿನ ಅಡಿಯಲ್ಲಿ ಈಗಾಗಲೇ ಹುಣ್ಣು ಅಡಗಿರುವ ಸಾಧ್ಯತೆಯೂ ಇದೆ. ಜಡ್ಡಿನೊಳಗೆ ಕಡುಗೆಂಪು ಅಥವಾ ಕಪ್ಪು ಕಲೆ, ಸುತ್ತ ಬಿಸಿ, ಊತ ಅಥವಾ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಏನೂ ಕಾಣದಿದ್ದರೂ ಈ ವಾರದೊಳಗೆ ಪಾದದ ಸ್ಪರ್ಶಜ್ಞಾನ ಮತ್ತು ರಕ್ತಸಂಚಾರವನ್ನು ಪರೀಕ್ಷೆ ಮಾಡಿಸಿ. ಜಡ್ಡನ್ನು ಅಲ್ಲಿಯೇ ಸುರಕ್ಷಿತವಾಗಿ ಹೆರೆಯುತ್ತಾರೆ. ಎಂ.ಸಿ.ಆರ್. (ಮೈಕ್ರೋ ಸೆಲ್ಯುಲಾರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿಯ ಬಗ್ಗೆಯೂ ಅಲ್ಲಿ ಕೇಳಿ, ಮನೆಯೊಳಗೂ ಅವರು ಬರಿಗಾಲಿನಲ್ಲಿ ಓಡಾಡದಿರಲಿ. ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸುವ ಕ್ರಮ ನಿಮಗೆ ಹೇಳಿದ್ದೇ ಹೊರತು ಅವರಿಗಲ್ಲ.