ಪರೀಕ್ಷೆಯಲ್ಲಿ 'ಎಸ್' ಬಂತು, ನಾನು ನಿಜವಾಗಿ ಹಾಗೇನಾ? ಅನುಭವ ಇರುವವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಲೈನ್ ಲೀಡರ್ ಹುದ್ದೆಗೆ ಎಂಟು ಜನರನ್ನು ಆರಿಸಿ, ಹೋದ ತಿಂಗಳು ಡಿಸ್ಕ್ ಅನ್ನುವ ಪರೀಕ್ಷೆ ಕೊಟ್ಟರು. ನಮ್ಮ ಸ್ವಭಾವ ಯಾವುದು ಅಂತ ಡಿ, ಐ, ಎಸ್, ಸಿ ಅನ್ನುವ ನಾಲ್ಕು ಅಕ್ಷರಗಳಲ್ಲಿ ಹೇಳುವ ಪರೀಕ್ಷೆ ಅದು. ನಾಲ್ಕು ನಾಲ್ಕು ಇಂಗ್ಲಿಷ್ ಪದಗಳ ಗುಂಪು ಇರುತ್ತದೆ, ಪ್ರತಿ ಗುಂಪಿನಲ್ಲಿ ನಮಗೆ ತುಂಬಾ ಹೊಂದುವ ಪದ ಒಂದು, ಸ್ವಲ್ಪವೂ ಹೊಂದದ ಪದ ಒಂದು ಗುರುತು ಮಾಡಬೇಕು. ನನಗೆ ಎಸ್ ಬಂತು. ಸಮಾಧಾನಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುವವನು, ಬದಲಾವಣೆ ಅಂದರೆ ಹಿಂಜರಿಯುವವನು ಅಂತ ವರದಿಯಲ್ಲಿದೆ. ಪಕ್ಕದ ಲೈನಿನವನಿಗೆ ಡಿ ಬಂತು, ಮುನ್ನುಗ್ಗುವವನು ಅಂತೆ. ಲೀಡರ್ ಆಗುವವನಿಗೆ ಡಿ ಬರಬೇಕಿತ್ತು ಅಂತ ಕ್ಯಾಂಟೀನಿನಲ್ಲಿ ಯಾರೋ ಅಂದರು. ಆವತ್ತಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಮನೆಗೆ ಬಂದು ಫೋನಿನಲ್ಲಿ ಬಿಟ್ಟಿ ಸಿಗುವ ಇನ್ನೆರಡು ಪರೀಕ್ಷೆ ಮಾಡಿ ನೋಡಿದೆ. ಒಂದರಲ್ಲಿ ಎಸ್, ಇನ್ನೊಂದರಲ್ಲಿ ಸಿ. ಯಾವುದನ್ನು ನಂಬಲಿ? ಇಂಟರ್‌ವ್ಯೂ ಇನ್ನೂ ಬಾಕಿ ಇದೆ. ಇಂಥ ಪರೀಕ್ಷೆ ಮಾಡಿಸಿಕೊಂಡು ತಮ್ಮ ಸ್ವಭಾವ ನಿಜವಾಗಿ ತಿಳಿದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಚಿಂತಾಮಣಿಯಿಂದ:

ತಮ್ಮ, ಮೊದಲು ನಿದ್ದೆ ಮಾಡು. ನಾನೂ ಇದೇ ಪರೀಕ್ಷೆ ಮಾಡಿದವಳು, ಎಂಟು ವರ್ಷದ ಹಿಂದೆ. ಚಿಂತಾಮಣಿ, ಶಿಡ್ಲಘಟ್ಟ ಕಡೆ ಹಳ್ಳಿಗಳ ಮಹಿಳಾ ಸಂಘಗಳಿಗೆ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಫೀಲ್ಡ್ ಕೆಲಸ ನನ್ನದು. ನನಗೆ ಸಿ ಬಂದಿತ್ತು. ಲೆಕ್ಕ ಕರಾರುವಾಕ್ಕು, ಕಾಗದ ಪತ್ರ ಅಚ್ಚುಕಟ್ಟು, ತಪ್ಪು ಸಹಿಸುವುದಿಲ್ಲ. ಓದಿ ತುಂಬಾ ಖುಷಿಪಟ್ಟೆ. ನಾನು ಹೀಗೇ ಅಂತ ನನಗೂ ಗೊತ್ತಿತ್ತಲ್ವಾ. ಅಂದರೆ ಆ ವರದಿಯಿಂದ ನನಗೆ ಹೊಸದಾಗಿ ತಿಳಿದದ್ದು ಏನೂ ಇರಲಿಲ್ಲ.

ತಿಳಿದದ್ದು ಆಮೇಲೆ. ತರಬೇತಿ ಕೊಟ್ಟವರು ಒಂದು ಕೆಲಸ ಹಚ್ಚಿದ್ದರು. ಇದೇ ಪದಗಳನ್ನು ನಿಮ್ಮ ಬಗ್ಗೆ ಬೇರೆ ಮೂರು ಜನರಿಂದ ಗುರುತು ಮಾಡಿಸಿ, ಒಬ್ಬರು ಮನೆಯವರು, ಒಬ್ಬರು ಜೊತೆಗೆ ಕೆಲಸ ಮಾಡುವವರು, ಒಬ್ಬರು ನಿಮ್ಮ ಕೆಲಸದಿಂದ ಅನುಕೂಲವೋ ತೊಂದರೆಯೋ ಪಡುವವರು ಅಂತ. ಮೂರನೆಯವರಾಗಿ ನಾನು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಸಂಘದ ಅಧ್ಯಕ್ಷೆಯನ್ನು ಕೇಳಿದೆ. ಅವರ ರೇಷ್ಮೆ ಹುಳು ಮನೆಯಲ್ಲಿ ಆವತ್ತು ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು, ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು. ಅವರು ಸೊಪ್ಪು ಹರಡುತ್ತಾ ಹೋಗುತ್ತಿದ್ದರು. ನಾನು ಹಿಂದೆ ಹಿಂದೆ ನಡೆಯುತ್ತಾ ಪದಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. 'ಇನ್ನೊಬ್ಬರ ಮಾತು ಕೇಳುವವರು' ಅನ್ನುವುದು ಬಂದಾಗ ಅವರು ನಿಂತರು. "ಕೇಳ್ತೀರ ಮೇಡಂ. ಆದ್ರೆ ನಾವು ಬಾಯಿ ಬಿಡೋಷ್ಟರಲ್ಲಿ ನಿಮ್ಮ ಪೆನ್ನು ಓಡಿರುತ್ತೆ" ಅಂದರು. ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ನನಗೆ ಕೋಪ ಬಂತು. ರಾತ್ರಿ ಆ ಸಂಘದ ಹಳೆಯ ಸಾಲದ ಅರ್ಜಿಗಳನ್ನು ತೆಗೆದು ನೋಡಿದೆ. 'ಸಾಲದ ಉದ್ದೇಶ' ಅನ್ನುವ ಜಾಗದಲ್ಲಿ ಸಾಲಾಗಿ ಹದಿಮೂರು ಅರ್ಜಿಗಳಲ್ಲಿ 'ಚಂದ್ರಿಕೆ ಖರೀದಿ' ಅಂತ ಇತ್ತು, ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ತಟ್ಟೆ. ಎಲ್ಲವೂ ನನ್ನದೇ ಅಕ್ಷರ. ಹದಿಮೂರು ಮನೆಯವರಿಗೂ ಒಂದೇ ತಿಂಗಳಲ್ಲಿ ಚಂದ್ರಿಕೆ ಬೇಕಾಗಿತ್ತಾ? ಮುಂದಿನ ವಾರ ಹೋಗಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಒಬ್ಬರು ಹುಳು ಮನೆಯ ಶೀಟು ಬದಲಾಯಿಸಿದ್ದರು, ಇಬ್ಬರು ಮಕ್ಕಳ ಕಾಲೇಜಿನ ಫೀಸು ಕಟ್ಟಿದ್ದರು, ಒಬ್ಬರು ಗಂಡನ ಕಣ್ಣಿನ ಆಪರೇಷನ್‌ಗೆ ಖರ್ಚು ಮಾಡಿದ್ದರು. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಹೇಳಲು ಬಿಟ್ಟಿರಲಿಲ್ಲ. ಕರಾರುವಾಕ್ಕು ಅಂತ ಹೆಸರು ತಗೊಂಡಿದ್ದ ನನ್ನ ಕಾಗದಗಳೇ ತಪ್ಪಾಗಿದ್ದವು. ಅವತ್ತಿಂದ ಎದುರಿಗಿದ್ದವರು ಮಾತು ಮುಗಿಸುವವರೆಗೆ ನಾನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.

ಜೋಹಾರಿ ಕಿಟಕಿ ಅಂತ ಒಂದಿದೆ, ಆ ತರಬೇತಿಯಲ್ಲೇ ಹೇಳಿಕೊಟ್ಟದ್ದು. ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನುವ ಇಬ್ಬರು 1955ರಲ್ಲಿ ಮಾಡಿದ್ದು, ಇಬ್ಬರ ಹೆಸರೂ ಸೇರಿ ಜೋಹಾರಿ. ನಾಲ್ಕು ಮನೆ. ನಿನಗೂ ಗೊತ್ತು, ಬೇರೆಯವರಿಗೂ ಗೊತ್ತು, ಅದೊಂದು. ನಿನಗೆ ಮಾತ್ರ ಗೊತ್ತು, ಅದೊಂದು. ಯಾರಿಗೂ ಗೊತ್ತಿಲ್ಲ, ಅದೊಂದು. ಇನ್ನೊಂದು, ಬೇರೆಯವರಿಗೆಲ್ಲ ಕಾಣುತ್ತದೆ, ನಿನಗೆ ಮಾತ್ರ ಕಾಣುವುದಿಲ್ಲ. ನಾವೇ ಕೂತು ತುಂಬುವ ಪರೀಕ್ಷೆ ಈ ಕೊನೆಯ ಮನೆಗೆ ಹೋಗಲು ಆಗುವುದೇ ಇಲ್ಲ ತಮ್ಮ, ಯಾಕೆಂದರೆ ಅಲ್ಲಿರುವುದನ್ನು ನಾವು ಗುರುತೇ ಹಾಕುವುದಿಲ್ಲ.

ಹಾಗಾಗಿ ಹೀಗೆ ಮಾಡು. ವರದಿಯನ್ನು ಪೆನ್ಸಿಲ್ ಹಿಡಿದು ಓದು. ಪ್ರತಿ ಸಾಲಿನ ಪಕ್ಕ ನಡೆದ ಒಂದು ಘಟನೆ ಬರೆ, ಯಾವ ದಿನ, ಯಾರು ಇದ್ದರು, ನೀನು ಏನು ಅಂದೆ. ಘಟನೆ ನೆನಪಾಗದಿದ್ದರೆ ಆ ಸಾಲು ಹೊಡೆದು ಹಾಕು. ಉಳಿದದ್ದನ್ನು ನಿನ್ನ ಲೈನಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ತೋರಿಸಿ ಕೇಳು. ಮೇಲಿನವರನ್ನಲ್ಲ, ನಿನ್ನ ಮಾತಿಗೆ ಓಡಾಡುವವರನ್ನು ಕೇಳು.

ತುಮಕೂರಿನಿಂದ:

ಮೇಲಿನ ಅಕ್ಕನವರು ಹೇಳಿದ ಪೆನ್ಸಿಲ್ ವಿಷಯ ನೂರಕ್ಕೆ ನೂರು ನಿಜ. ನಾನು ಇಲ್ಲೇ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳು ಕ್ಯಾಂಪಸ್ ಇಂಟರ್‌ವ್ಯೂ ಮುಂಚೆ ಇಂಥ ಪರೀಕ್ಷೆ ಮಾಡಿಕೊಂಡು ಬಂದು "ಸಾರ್, ನಾನು ಇಂಟ್ರೊವರ್ಟ್ ಅಂತೆ, ನನಗೆ ಕೆಲಸ ಸಿಗಲ್ವಾ" ಅಂತ ಕೇಳುತ್ತಾರೆ. ಅವರ ಮುಖ ನೋಡಿದರೆ ಸಂಕಟ ಆಗುತ್ತದೆ.

ಒಂದು ವರ್ಷ ತರಗತಿಯಲ್ಲಿ ಎಲ್ಲರಿಗೂ ಒಂದು ಪ್ರಶ್ನೆಪತ್ರಿಕೆ ಕೊಟ್ಟು, ವಾರ ಬಿಟ್ಟು ಒಬ್ಬೊಬ್ಬರಿಗೂ ಅವರ ಹೆಸರು ಬರೆದ ಲಕೋಟೆಯಲ್ಲಿ ಫಲಿತಾಂಶ ಕೊಟ್ಟೆ. 'ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಒಮ್ಮೊಮ್ಮೆ ಅನುಮಾನ ಕಾಡುತ್ತದೆ, ನಿನ್ನಲ್ಲಿರುವ ಶಕ್ತಿಯನ್ನು ಇನ್ನೂ ಪೂರ್ತಿ ಬಳಸಿಲ್ಲ' ಈ ಥರ. ನಿಮಗೆ ಹೊಂದುತ್ತದಾ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ಆಮೇಲೆ ಪಕ್ಕದವರ ಜೊತೆ ಬದಲಾಯಿಸಿಕೊಂಡು ಓದಿ ಅಂದೆ. ಎಲ್ಲರದ್ದೂ ಒಂದೇ ಹಾಳೆ. ಇದು ನನ್ನ ಸ್ವಂತದ್ದಲ್ಲ. 1948ರಲ್ಲಿ ಬರ್ಟ್ರಾಮ್ ಫೋರರ್ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ. ಅಲ್ಲಿ ಮಕ್ಕಳು ಐದಕ್ಕೆ ಸರಾಸರಿ ನಾಲ್ಕರ ಮೇಲೆ ಅಂಕ ಕೊಟ್ಟಿದ್ದರು. ಆ ಹುಡುಗಿಯ ಹತ್ತಿರ ಮಾತ್ರ ನಾನು ಆಮೇಲೆ ಕೂತು ಮಾತಾಡಿದೆ, ಯಾಕೆಂದರೆ ಅವಳ ಕಣ್ಣೀರು ಸುಳ್ಳಾಗಿರಲಿಲ್ಲ. ಅಷ್ಟು ದಿನ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ, ಅಷ್ಟೇ.

ನೀವು ಕೇಳಿದ ಡಿಸ್ಕ್ ಬಗ್ಗೆ. ಇದರ ಬೇರು ಅಮೆರಿಕದ ವಿಲಿಯಂ ಮಾರ್ಸ್ಟನ್ 1928ರಲ್ಲಿ ಬರೆದ ವಿಚಾರದಲ್ಲಿದೆ. ವಂಡರ್ ವುಮನ್ ಅನ್ನುವ ಕಾಮಿಕ್ಸ್ ಪಾತ್ರ ಸೃಷ್ಟಿಸಿದವರೂ ಅವರೇ. ಅವರು ನಾಲ್ಕು ಬಗೆಯ ನಡವಳಿಕೆ ವಿವರಿಸಿದರು, ಪರೀಕ್ಷೆಯನ್ನು ಅವರು ಮಾಡಲಿಲ್ಲ. ಪರೀಕ್ಷೆಗಳು ಆಮೇಲೆ ಬೇರೆಯವರು ಕಟ್ಟಿದ್ದು. ಇವತ್ತು ಡಿಸ್ಕ್ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಪರೀಕ್ಷೆಗಳಿವೆ, ಪದಗಳು ಒಂದೇ ಇರುವುದಿಲ್ಲ. ನಿಮಗೆ ಒಂದರಲ್ಲಿ ಎಸ್, ಇನ್ನೊಂದರಲ್ಲಿ ಸಿ ಬಂದದ್ದು ಇದಕ್ಕೂ ಇರಬಹುದು. ಎರಡೂ ಅಂಕ ಹತ್ತಿರ ಹತ್ತಿರ ಇದ್ದರೆ ಒಂದೆರಡು ಉತ್ತರ ಬದಲಾದರೂ ಅಕ್ಷರ ಬದಲಾಗುತ್ತದೆ. ಹದಿನಾರು ಬಗೆಯ ಮಂದಿ ಅಂತ ವಿಂಗಡಿಸುವ ಮೈಯರ್ಸ್ ಬ್ರಿಗ್ಸ್ ಪರೀಕ್ಷೆಯಲ್ಲೂ ಇದೇ ತೊಂದರೆ. ನಡುವೆ ಗೆರೆ ಎಳೆದು ಈ ಕಡೆ ಒಂದು ಅಕ್ಷರ, ಆ ಕಡೆ ಒಂದು ಅಕ್ಷರ. ಜನ ಜಾಸ್ತಿ ಇರುವುದೇ ಆ ಗೆರೆಯ ಅಕ್ಕಪಕ್ಕ. ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುವವರು ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆ, ಬಿಗ್ ಫೈವ್ ಅನ್ನುತ್ತಾರೆ. ಅದರಲ್ಲಿ ಅಕ್ಷರ ಇಲ್ಲ, ಪ್ರತಿ ಗುಣವೂ ನಿಮ್ಮಲ್ಲಿ ಎಷ್ಟು ಅನ್ನುವ ಅಂಕ ಮಾತ್ರ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಮುಖ್ಯ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಸ್ವಭಾವದ ಜೊತೆ ಇಂಗ್ಲಿಷೂ ಅಳತೆಗೆ ಬರುತ್ತದೆ. ನನ್ನ ಒಬ್ಬ ವಿದ್ಯಾರ್ಥಿ 'ಅಗ್ರೆಸಿವ್' ಅಂದರೆ ಜಗಳಗಂಟ ಅಂತ ತಿಳಿದು ಎಲ್ಲ ಕಡೆ 'ಹೊಂದುವುದಿಲ್ಲ' ಅಂತ ಗುರುತು ಹಾಕಿದ್ದ. ಕಬಡ್ಡಿಯಲ್ಲಿ ಅವನು ತಂಡದ ನಾಯಕ, ರೈಡ್‌ಗೆ ಹೋದರೆ ಬರಿಗೈಲಿ ವಾಪಸ್ ಬರುವವನಲ್ಲ. ಪದಗಳ ಅರ್ಥ ಬರೆದುಕೊಟ್ಟು ಮತ್ತೆ ಮಾಡಿಸಿದಾಗ ಫಲಿತಾಂಶವೇ ಬೇರೆ ಬಂತು. ನೀವೂ ಅರ್ಥ ಸರಿಯಾಗಿ ಗೊತ್ತಿರದ ಪದಗಳು ಎಷ್ಟಿದ್ದವು ಅಂತ ನೆನಪಿಸಿಕೊಳ್ಳಿ.

ಕೋಲಾರ ಎಪಿಎಂಸಿಯಿಂದ:

ನಮ್ಮದು ಟೊಮೆಟೊ ಮಂಡಿ, ಅಣ್ಣ ನಾನು ಇಬ್ಬರೂ ನೋಡಿಕೊಳ್ಳುತ್ತೇವೆ. ನನ್ನ ಹೆಂಡತಿಯ ಆಫೀಸಿನಲ್ಲಿ ಈ ಪರೀಕ್ಷೆ ಇತ್ತು, ಸುಮ್ನೆ ನಾನೂ ಮಾಡಿದೆ. ಅವಳು ನೋಡಿ ಇದು ನೀವಲ್ಲವೇ ಅಲ್ಲ ಅಂದಳು. ಯಾಕೆ ಅಂತ ಯೋಚನೆ ಮಾಡಿದರೆ ನಾನು ಮಂಡಿಯಲ್ಲಿ ಕೂತು ಮಾಡಿದ್ದೆ, ಹರಾಜು ಮುಗಿದ ಮೇಲೆ. ಅದೇ ಪರೀಕ್ಷೆಯನ್ನು ಭಾನುವಾರ ಮನೆಯಲ್ಲಿ ಮಾಡಿದೆ. ಮಂಡಿಯಲ್ಲಿ ಡಿ, ಮನೆಯಲ್ಲಿ ಎಸ್! ಕೆಲವು ವರದಿಗಳಲ್ಲಿ ಸಹಜವಾಗಿ ಹೇಗೆ, ಕೆಲಸಕ್ಕೆ ತಕ್ಕಂತೆ ಹೇಗೆ ಅಂತ ಎರಡು ಗ್ರಾಫ್ ಕೊಡುತ್ತಾರಂತೆ, ನಿಮ್ಮದರಲ್ಲಿ ಇದೆಯಾ ನೋಡಿ.

ನನ್ನ ಪ್ರಕಾರ ಒತ್ತಡ ಬಿದ್ದ ದಿನ ನೆನಪು ಮಾಡಿಕೊಳ್ಳಬೇಕು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆವಾಗ ಎಲ್ಲರಿಗೂ ಮಾಲು ಬೇಕು, ಎಲ್ಲರೂ ಕೂಗಾಟ. ನಮ್ಮಣ್ಣ ದಿನವೂ ಕೂಗುವವನು, ಆ ತಿಂಗಳು ಮೆತ್ತಗಾಗಿಬಿಟ್ಟ. ನಾನು ಮೆತ್ತಗಿರುವವನು, ಒಬ್ಬ ಹಳೇ ರೈತರ ಮೇಲೆ ರೇಗಿದೆ. ಅವರು ಇಪ್ಪತ್ತು ವರ್ಷದಿಂದ ನಮ್ಮ ಮಂಡಿಗೇ ಮಾಲು ಹಾಕುವವರು. ಮಾರನೇ ದಿನ ಅವರ ಊರಿಗೇ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡು ಬಂದೆ. ನನ್ನ ಸ್ವಭಾವ ನನಗೆ ತಿಳಿದದ್ದು ಆವತ್ತು, ದುಡ್ಡು ಜಾಸ್ತಿ ಓಡಾಡುವಾಗ ನನಗೆ ಭಯ ಆಗುತ್ತದೆ, ಭಯ ಆದಾಗ ರೇಗುತ್ತೇನೆ. ಯಾವ ಪರೀಕ್ಷೆಯೂ ಇದನ್ನು ಹೇಳಿರಲಿಲ್ಲ.

ವಸಂತನರಸಾಪುರದಿಂದ:

ಒಂದು ಎಚ್ಚರಿಕೆ ಹೇಳಲೇಬೇಕು. ನನಗೆ ಇದರಿಂದಲೇ ಬಡ್ತಿ ತಪ್ಪಿದೆ. ಆಗ ಕೆಲಸ ಮಾಡುತ್ತಿದ್ದ ಕಡೆ 'ನಿಮ್ಮ ಟೈಪ್ ಈ ಹುದ್ದೆಗೆ ಹೊಂದುವುದಿಲ್ಲ' ಅಂತ ನೇರವಾಗಿ ಹೇಳಿದರು. ಹನ್ನೊಂದು ವರ್ಷದ ಕೆಲಸ ಯಾರೂ ನೋಡಲಿಲ್ಲ. ಮೈಯರ್ಸ್ ಬ್ರಿಗ್ಸ್ ಪರೀಕ್ಷೆ ನಡೆಸುವವರೇ ಅದನ್ನು ಕೆಲಸಕ್ಕೆ ಆಯ್ಕೆ ಮಾಡಲು ಬಳಸಬಾರದು ಅಂತ ಹೇಳುತ್ತಾರೆ ಅನ್ನುವುದು ನನಗೆ ತಿಳಿದದ್ದು ತುಂಬಾ ತಡವಾಗಿ. ಆವತ್ತೇ ಗೊತ್ತಿದ್ದರೆ ಕೇಳುತ್ತಿದ್ದೆ. ನೀವು ಕೇಳಿ. ಈ ವರದಿ ಆಯ್ಕೆಗಾ, ತರಬೇತಿಗಾ ಅಂತ ಎಚ್‌ಆರ್ ಅವರನ್ನು ಮರ್ಯಾದೆಯಿಂದ, ಲಿಖಿತವಾಗಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಕೇಳಿದವನೇ ಮತ್ತೆ ಬರೆಯುತ್ತಿದ್ದೇನೆ, ಎರಡು ವಾರದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಎಚ್‌ಆರ್‌ಗೆ ಮೇಲ್ ಹಾಕಿದೆ. ತರಬೇತಿಗೆ ಮಾತ್ರ, ಆಯ್ಕೆಗೆ ಕೆಲಸ ಮತ್ತು ಇಂಟರ್‌ವ್ಯೂ ನೋಡುತ್ತೇವೆ ಅಂತ ಉತ್ತರ ಬಂತು. ಅರ್ಧ ಭಾರ ಅಲ್ಲೇ ಇಳಿಯಿತು. ಅರ್ಥ ಗೊತ್ತಿರದ ಪದಗಳು ಒಂಬತ್ತು ಇದ್ದವು ಸಾರ್, ಎಲ್ಲ ಬರೆದಿಟ್ಟುಕೊಂಡಿದ್ದೇನೆ.

ಪೆನ್ಸಿಲ್ ಹಿಡಿದು ಕೂತೆ ಅಕ್ಕ. 'ಬದಲಾವಣೆಗೆ ಹಿಂಜರಿಯುವವನು' ಅನ್ನುವುದಕ್ಕೆ ಒಂದೂ ಘಟನೆ ಸಿಗಲಿಲ್ಲ, ಹೊಸ ಮಷೀನು ಬಂದಾಗ ಮೊದಲು ಕಲಿತವನು ನಾನೇ. ಹೊಡೆದು ಹಾಕಿದೆ. 'ಎಲ್ಲರ ಜೊತೆ ಹೊಂದಿಕೊಂಡು ಹೋಗುವವನು' ಉಳಿಯಿತು. ಅದನ್ನು ನಮ್ಮ ಲೈನಿನಲ್ಲಿ ಪ್ಯಾಕಿಂಗ್ ಮಾಡುವ ಮುಳಬಾಗಿಲಿನ ಹುಡುಗಿಗೆ ತೋರಿಸಿದೆ. ಮೊದಲು ಹೇಳಲೇ ಇಲ್ಲ. ಬಸ್ಸಿಗೆ ಕಾಯುವಾಗ ತಾನೇ ಬಂದು ಹೇಳಿದಳು: "ಅಣ್ಣ, ಮಷೀನು ನಿಂತ್ರೆ ನೀವು ಯಾರ್ ಮೇಲೂ ಕೂಗಲ್ಲ, ಅದು ನಮಗೆಲ್ಲ ಇಷ್ಟ. ಆದ್ರೆ ಮೇಲಿನೋರು ಎಷ್ಟೊತ್ತು ಅಂತ ಕೇಳಿದ್ರೆ ಹತ್ತು ನಿಮಿಷ ಅಂತೀರ. ಆಗಲ್ಲ ಅಂತ ನಿಮಗೂ ಗೊತ್ತಿರುತ್ತೆ. ಆಮೇಲೆ ನಾವು ಊಟ ಬಿಟ್ಟು ಓಡ್ಬೇಕು."

ಅವಳು ಹೇಳಿದ್ದು ನಿಜ. ಯಾರಿಗೂ ಬೇಜಾರು ಆಗಬಾರದು ಅಂತ ನಾನು ಹತ್ತು ನಿಮಿಷ ಅನ್ನುತ್ತಿದ್ದೆ, ಆ ಬೇಜಾರೆಲ್ಲ ಇವರ ತಟ್ಟೆಗೆ ಹೋಗಿ ಬೀಳುತ್ತಿತ್ತು. ಗುರುವಾರ ಮಧ್ಯಾಹ್ನ ಮತ್ತೆ ಸೆನ್ಸರ್ ಕೈಕೊಟ್ಟು ಲೈನ್ ನಿಂತಿತು. ಸೂಪರ್‌ವೈಸರ್ ಬಂದು ಎಷ್ಟೊತ್ತು ಅಂದರು. ನಾಲಿಗೆ ತುದಿಗೆ ಹತ್ತು ನಿಮಿಷ ಬಂದಿತ್ತು. ಮುಕ್ಕಾಲು ಗಂಟೆ ಬೇಕು ಸಾರ್ ಅಂದೆ. ಮುಖ ಗಂಟು ಹಾಕಿಕೊಂಡರು, ಆಮೇಲೆ ಮೆಂಟೆನೆನ್ಸ್‌ನಿಂದ ಇನ್ನೊಬ್ಬರನ್ನು ಕಳಿಸಿ ಅಂತ ಅವರೇ ಫೋನ್ ಮಾಡಿದರು. ನಮ್ಮ ಲೈನಿನವರು ಅಷ್ಟರಲ್ಲಿ ಹೋಗಿ ಊಟ ಮಾಡಿಕೊಂಡು ಬಂದರು.

ಅದನ್ನು ಆ ಸಾಲಿನ ಪಕ್ಕದಲ್ಲೇ ತಾರೀಖು ಹಾಕಿ ಬರೆದಿದ್ದೇನೆ. ಇಂಟರ್‌ವ್ಯೂ ಬುಧವಾರ ಇದೆ.