ಗೇಟಿಗೆ ಗೋಡೆ ಕಟ್ಟಿಸಿದರೆ ಮಳೆನೀರು ನಿಲ್ಲುತ್ತಾ?

ಕೆಳಮನೆಯವನು:
ಬೆಂಗಳೂರಿನ ಹೊರಮಾವು ಕಡೆ ನಮ್ಮದು ಹಳೇ ಮನೆ. ಅಪ್ಪ ಕಟ್ಟಿಸಿದಾಗ ರಸ್ತೆಗಿಂತ ಎರಡು ಅಡಿ ಮೇಲಿತ್ತು, ಟಾರಿನ ಮೇಲೆ ಟಾರು ಹಾಕಿ ಹಾಕಿ ಈಗ ರಸ್ತೆಯೇ ನಮಗಿಂತ ಎತ್ತರ. 2025ರ ಮೇ ಮಳೆಗೆ ಒಂದೇ ರಾತ್ರಿಯಲ್ಲಿ ಮೊಣಕಾಲುದ್ದ ನೀರು. ಫ್ರಿಜ್ಜು, ಯುಪಿಎಸ್ ಬ್ಯಾಟರಿ, ಬೀರುವಿನ ಕೆಳಗಿನ ಅರೆಯಲ್ಲಿದ್ದ ಅಮ್ಮನ ರೇಷ್ಮೆ ಸೀರೆಗಳು, ಎಲ್ಲ ಹೋಯಿತು. ಗೇಟಿಗೆ ಮೂರಡಿ ಗೋಡೆ ಎತ್ತೋಣ ಅಂತಾರೆ ಮೇಸ್ತ್ರಿ. ಪಕ್ಕದ ಬೀದಿಯವರು ಜಾಕಿ ಹಾಕಿ ಮನೆಯನ್ನೇ ಎತ್ತಿಸಿ ಅಂತಾರೆ. ದುಡ್ಡು ಜಾಸ್ತಿ ಇಲ್ಲ. ಒಂದೇ ಕೆಲಸ ಅಂದರೆ ಯಾವುದು ಮಾಡಿಸಲಿ?

ಯಮಲೂರು ಹಳಬ:
ಗೋಡೆಗೆ ಮುಂಚೆ ಇದು ಹೇಳಿ ಸಾರ್, ನೀರು ಮೊದಲು ಬಂದಿದ್ದು ಗೇಟಿನಿಂದಲಾ, ಬಾತ್‌ರೂಮಿನಿಂದಲಾ? 2022ರ ಸೆಪ್ಟೆಂಬರಿನಲ್ಲಿ ನಾವು ಬಾಗಿಲಿಗೆ ಮರಳು ಮೂಟೆ ಒಟ್ಟಿ ಕಾವಲು ಕೂತಿದ್ದರೆ ಹಿಂದುಗಡೆ ಬಚ್ಚಲಿನ ಜಾಲರಿಯಿಂದ ಗುಳುಗುಳು ಅಂತ ಉಕ್ಕಿತು, ಅದೂ ಕೊಳಚೆ. ಮಳೆನೀರು ಯುಜಿಡಿ ಲೈನಿಗೆ (ನೆಲದಡಿಯ ಒಳಚರಂಡಿ) ನುಗ್ಗಿದರೆ ಲೈನು ತುಂಬಿ ಮನೆ ಕಡೆಗೇ ತಿರುಗುತ್ತದೆ. ಗೋಡೆ ಅದನ್ನೇನು ಮಾಡುತ್ತೆ? ನಿಮ್ಮ ಪೈಪು ಬೀದಿ ಲೈನಿಗೆ ಸೇರುವ ಮುಂಚಿನ ಕೊನೇ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ನೀರನ್ನು ಹೊರಗೆ ಬಿಡುತ್ತೆ, ವಾಪಸ್ ಬರಲು ಬಿಡಲ್ಲ. ಆದರೆ ವಾಲ್ವ್ ಮುಚ್ಚಿಕೊಂಡಾಗ ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ. ಮಹಡಿ ಮೇಲೆ ಬಾಡಿಗೆಯವರಿದ್ದು ಅವರು ಆಗ ಸ್ನಾನಕ್ಕೆ ಹೋದರೆ ಆ ನೀರೆಲ್ಲ ನಿಮ್ಮ ಬಚ್ಚಲಿಗೇ (ನಮಗೆ ಆಗಿದೆ, ಜಗಳವೂ ಆಗಿದೆ). ಕಸ ಸಿಕ್ಕಿಕೊಂಡರೆ ಸರಿಯಾಗಿ ಮುಚ್ಚುವುದಿಲ್ಲ, ಮಳೆಗಾಲಕ್ಕೆ ಮುಂಚೆ ತೆಗೆದು ತೊಳೆಯಿರಿ. ಸಂಪಿನ ಬಾಯಿ ಸುತ್ತ ಕಟ್ಟೆಯನ್ನೂ ಕಟ್ಟಿಸಿಬಿಡಿ.

ಪಾಲಿಸಿ ಪುಟ್ಟ:
ವಾಲ್ವ್ ಸರಿ. ಜೊತೆಗೆ ಇನ್ಶೂರೆನ್ಸ್ ಯಾಕೆ ಯಾರೂ ಕೇಳುವುದಿಲ್ಲವೋ! ಭಾರತ್ ಗೃಹ ರಕ್ಷಾ ಅಂತ 2021ರ ಏಪ್ರಿಲ್‌ನಿಂದ ಇದೆ, ಕಂಪನಿ ಯಾವುದಾದರೂ ಮೂಲ ನಿಯಮ ಒಂದೇ. ಪ್ರವಾಹ, ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಸೇರುತ್ತವೆ. ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಮತ್ತೆ ಕಟ್ಟಲು ಆಗುವ ಖರ್ಚು ಮಾತ್ರ. ಕಟ್ಟಡಕ್ಕೆ ಮಾಡಿಸಿದರೆ ಆ ವಿಮೆ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದ ತನಕ, ಮನೆ ಸಾಮಾನಿಗೂ ಸಿಗುತ್ತದೆ, ಪಟ್ಟಿ ಕೊಡಬೇಕಿಲ್ಲ. ಸಾಮಾನುಗಳ ಫೋಟೋ, ಬಿಲ್ಲು ಮಾತ್ರ ಫೋನಿನಲ್ಲಿ ಇಟ್ಟಿರಿ. ಇನ್ನೊಂದು, ನೀರಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಎಳೆದುಕೊಂಡು ಎಂಜಿನ್ ಹೋದರೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ.

ವೈರ್‌ಮನ್:
ನೀರು ಒಳಗೆ ಬರುವ ಮುಂಚೆಯೇ ಮೇನ್ ಆಫ್ ಮಾಡಿ, ಯುಪಿಎಸ್ ಕೂಡ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುತ್ತದೆ, ತುಂಬ ಜನ ಇದನ್ನೇ ಮರೆಯುತ್ತಾರೆ. ಮೊಣಕಾಲಿಗಿಂತ ಕೆಳಗಿರುವ ಪ್ಲಗ್ಗುಗಳನ್ನೆಲ್ಲ ಮೇಲಕ್ಕೆ ಹಾಕಿಸಿ. ಬೀದಿಯಲ್ಲಿ ತಂತಿ ಬಿದ್ದಿದ್ದರೆ ಬೆಸ್ಕಾಂ 1912.

ಕೆಳಮನೆಯವನು:
ಅಮ್ಮನನ್ನು ಕೇಳಿದೆ. ಮೊದಲು ಬಂದಿದ್ದು ಬಚ್ಚಲಿನಿಂದಲೇ ಅಂತೆ, ಅವರು ಗೋಣಿಚೀಲ ತುರುಕಿ ಮೇಲೆ ರುಬ್ಬುವ ಗುಂಡು ಇಟ್ಟಿದ್ದರಂತೆ! ನನಗೆ ಗೊತ್ತೇ ಇರಲಿಲ್ಲ. ಗೋಡೆ ಸದ್ಯಕ್ಕೆ ಬೇಡ ಅಂದೆ, ಮೇಸ್ತ್ರಿ ಮುಖ ಸಣ್ಣದಾಯಿತು. ಚೇಂಬರಿನ ಪೈಪು ಆರು ಇಂಚು. ಆ ಸೈಜಿನ ವಾಲ್ವ್ ಎಸ್‌ಜೆಪಿ ರೋಡಲ್ಲಿ ಸಿಗುತ್ತಾ?